ಅರ್ಧ ಓದಿದ ಪುಸ್ತಕ ಹಿಡಿದುಕೊಂಡೇ ಬನ್ನಿ

ಪ್ರಶ್ನೆ: ನಾವು ದಾವಣಗೆರೆಯ ಎಂಟು ಜನ ಗೆಳತಿಯರು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಇಷ್ಟದ ಪುಸ್ತಕ ಯಾವುದು, ಈಗ ಏನು ಓದುತ್ತಿದ್ದೀರಿ ಅಂತ ಮಾತಾಡುತ್ತೇವೆ. ಮೊದಲ ಮೂರು ತಿಂಗಳು ಚೆನ್ನಾಗಿ ನಡೆಯಿತು. ಈಗೀಗ ‘ತುಂಬಾ ಚೆನ್ನಾಗಿದೆ, ಎಲ್ಲರೂ ಓದಿ’ ಅನ್ನುವಲ್ಲಿಗೆ ಮಾತು ಮುಗಿದು ಕಾಫಿಗೆ ಏಳುತ್ತೇವೆ. ಒಬ್ಬರು ಮಾತ್ರ ಪೂರ್ತಿ ಕತೆ ಹೇಳಿಬಿಡುತ್ತಾರೆ. ಓದಿ ಮುಗಿಸದವರು ಮುಜುಗರ ಪಟ್ಟುಕೊಂಡು ಬರುವುದನ್ನೇ ಬಿಡುತ್ತಿದ್ದಾರೆ. ನನಗೆ ಪ್ರಾಣದಂತಿರುವ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಬ್ಬರಿಗೆ ಕೊಟ್ಟೆ. ಇಬ್ಬರೂ ಮೂವತ್ತು ನಲವತ್ತು ಪುಟ ಓದಿ ವಾಪಸ್ ಕೊಟ್ಟರು. ತುಂಬಾ ಬೇಜಾರಾಯಿತು. ನಮ್ಮ ಅತ್ತೆಯೂ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ. ಅವರಿಗೆ ಕಣ್ಣು ಮಂಜು, ಓದಲಾಗುವುದಿಲ್ಲ. ನಮ್ಮ ಕೂಟ ನಿಂತುಹೋಗದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಬೇಜಾರಿನಿಂದಲೇ ಶುರು ಮಾಡುತ್ತೇನೆ. ಪ್ರೀತಿಯಿಂದ ಕೊಟ್ಟ ಪುಸ್ತಕ ಅರ್ಧಕ್ಕೆ ವಾಪಸ್ ಬಂದರೆ, ನಮ್ಮನ್ನೇ ಬೇಡ ಅಂದ ಹಾಗೆ ಅನ್ನಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಲೈಬ್ರರಿಗಳಲ್ಲಿ 34 ವರ್ಷ ಕೆಲಸ ಮಾಡಿದ್ದೇನೆ. ನಿವೃತ್ತಿಯಾದ ಮೇಲೆ ಒಂದು ಓದುಗರ ಬಳಗ ನಡೆಸುತ್ತಿದ್ದೇನೆ. ಇವತ್ತಿಗೂ ನನಗೆ ಆ ನೋವು ತಪ್ಪಿಲ್ಲ. ಹಾಗಾಗಿ ನಿಮ್ಮದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ.

ಆದರೆ ಆ ಇಬ್ಬರು ಯಾಕೆ ಬಿಟ್ಟರು ಅಂತ ಸ್ವಲ್ಪ ಯೋಚಿಸಿ ನೋಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಕಾದಂಬರಿ. ನಡೆಯುವುದು ತೀರ್ಥಹಳ್ಳಿ ಸೀಮೆಯ ಕಾಡಿನಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಶುರುವಿನಲ್ಲಿ ಗುತ್ತಿ ಬರುತ್ತಾನೆ, ಅವನ ನಾಯಿ ಹುಲಿಯ ಬರುತ್ತದೆ. ಸರಿ, ಕತೆ ಗುತ್ತಿಯದು ಅಂದುಕೊಂಡು ಹೊಸಬರು ಅವನ ಹಿಂದೆ ಹೊರಡುತ್ತಾರೆ. ಅಷ್ಟರಲ್ಲಿ ಒಂದೊಂದೇ ಮನೆ ತೆರೆದುಕೊಳ್ಳುತ್ತದೆ. ಹೆಗ್ಗಡೆಯವರು ಬಂದರು, ಗೌಡರು ಬಂದರು, ಐತ ಪೀಂಚಲು ಬಂದರು, ಮುಕುಂದಯ್ಯ ಬಂದ. ಇದು ಒಬ್ಬ ನಾಯಕನ ಸುತ್ತ ಸುತ್ತುವ ಕತೆಯೇ ಅಲ್ಲ. ಮೂವತ್ತನೇ ಪುಟದ ಹೊತ್ತಿಗೆ ಓದುವವರಿಗೆ ದಾರಿ ತಪ್ಪಿರುತ್ತದೆ. ನೀವು ಅದನ್ನು ಎಷ್ಟೋ ಸಲ ಓದಿದ್ದೀರಿ. ಮೊದಲ ಸಲ ನಿಮಗೂ ದಾರಿ ತಪ್ಪಿತ್ತು ಅನ್ನುವುದು ಈಗ ಮರೆತುಹೋಗಿದೆ.

ಈ ಪುಸ್ತಕ ಕೊಡುವಾಗ ನಾನು ಒಳಗೊಂದು ಹಾಳೆ ಮಡಚಿ ಇಡುತ್ತೇನೆ. ಅದರಲ್ಲಿ ಮನೆಗಳ ಹೆಸರು ಮಾತ್ರ ಇರುತ್ತದೆ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಪಕ್ಕದಲ್ಲಿ ಜಾಗ ಖಾಲಿ. ‘ಜನರ ಹೆಸರು ನೆನಪಿಟ್ಟುಕೊಳ್ಳೋಕೆ ಹೋಗಬೇಡಿ. ಯಾರು ಬಂದರೂ ಯಾವ ಮನೆಯವರು ಅಂತ ನೋಡಿ, ಆ ಮನೆಯ ಮುಂದೆ ಬರೆದುಕೊಳ್ಳಿ’ ಅಂತ ಹೇಳುತ್ತೇನೆ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ‘ನೂರು ಪುಟದವರೆಗೆ ಮಳೆ, ಕಾಡು, ರಕ್ತ ಹೀರುವ ಉಂಬಳ ಅಷ್ಟನ್ನೇ ನೋಡ್ತಾ ಹೋಗಿ. ಕತೆ ತಾನಾಗಿ ಬರುತ್ತೆ.’ ಹೀಗೆ ಕೊಟ್ಟ ಮೇಲೆ ವಾಪಸ್ ಬರುವುದು ಬಹಳ ಕಡಿಮೆಯಾಯಿತು. ಪುಸ್ತಕ ಕೊಟ್ಟರೆ ಸಾಲದು, ಒಳಗೆ ಹೋಗುವ ದಾರಿಯನ್ನೂ ತೋರಿಸಬೇಕು ಅಂತ ನನಗೆ ಗೊತ್ತಾದದ್ದು ಹೀಗೆ. ನಿಮ್ಮ ಆ ಇಬ್ಬರಿಗೂ ಇನ್ನೊಂದು ಸಲ ಕೊಟ್ಟು ನೋಡಿ. ಆದರೆ ಮಳೆಗಾಲದಲ್ಲಿ ಕೊಡಿ.

ಇನ್ನು ‘ಎಲ್ಲರೂ ಓದಿ’ ಅನ್ನುವ ಮಾತು. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ ಹಾಗಾಗುವುದಿಲ್ಲ. ‘ಮನೆಗೆ ಬನ್ನಿ ಒಂದಿನ’ ಅಂದರೆ ಯಾರೂ ಬರುವುದಿಲ್ಲ. ‘ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ’ ಅಂದರೆ ಬರುತ್ತಾರೆ, ಅಲ್ವಾ? ಪುಸ್ತಕಕ್ಕೂ ಹಾಗೇ ಹೆಸರು ಹಿಡಿದು ಕರೆಯಬೇಕು. ಲೈಬ್ರರಿ ಓದು ಓದಿದವರಿಗೆಲ್ಲ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರ ಗೊತ್ತಿರುತ್ತದೆ. 1931ರಲ್ಲಿ ಪುಸ್ತಕವಾಗಿ ಬಂದವು. ಮುಂದೆ ಅವರು ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲೊಂದು ಸಂಶೋಧನಾ ಕೇಂದ್ರ ಕಟ್ಟಿದರು. ಆ ಐದರಲ್ಲಿ ಒಂದು, ಪ್ರತಿ ಓದುಗರಿಗೂ ಅವರದೇ ಒಂದು ಪುಸ್ತಕ ಇರುತ್ತದೆ ಅನ್ನುವುದು. ಅದರ ಮುಂದಿನದು, ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಇರುತ್ತಾನೆ ಅನ್ನುವುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಕೌಂಟರಿನಲ್ಲಿ ಕೂತ ಮೇಲೆ.

ಆಗ ಪುಸ್ತಕದ ಕೊನೆಯಲ್ಲಿ ಅಂಟಿಸಿದ ಡೇಟ್ ಸ್ಲಿಪ್ ಮೇಲೆ ಮುದ್ರೆ ಒತ್ತುತ್ತಿದ್ದೆವು. ಕೆಲವು ಪುಸ್ತಕಗಳ ಸ್ಲಿಪ್ ನಾಲ್ಕು ವರ್ಷ ಖಾಲಿ ಇರುತ್ತಿತ್ತು. ಒಂದು ದಿನ ಯಾರೋ ಒಬ್ಬರು ಒಯ್ಯುತ್ತಿದ್ದರು. ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಂದು ಮುದ್ರೆ, ಸಾಲಾಗಿ ಆರೇಳು. ಏನಾಯಿತು ಅಂತ ಗಮನಿಸುತ್ತಾ ಕೂತೆ. ಸಂಜೆ ಆರರ ಹೊತ್ತಿಗೆ ಪುಸ್ತಕ ವಾಪಸ್ ಕೊಡಲು ಒಬ್ಬ ಮೇಷ್ಟ್ರು ಬರುತ್ತಾರೆ. ಹಿಂದೆ ನಿಂತವರು ಸುಮ್ನೆ ಕೇಳುತ್ತಾರೆ, ‘ಹೆಂಗಿದೆ ಸಾರ್?’ ಅವರು ಪುಸ್ತಕ ಹೊಗಳುವುದಿಲ್ಲ. ‘ಇದ್ರಲ್ಲಿ ನಿಮ್ಮ ಹಾಗೆ ಜೇನು ಸಾಕೋರು ಒಬ್ರು ಬರ್ತಾರೆ ನೋಡಿ’ ಅನ್ನುತ್ತಾರೆ. ಮುಗಿಯಿತು, ಪುಸ್ತಕ ರ‍್ಯಾಕಿಗೆ ಹೋಗುವುದೇ ಇಲ್ಲ. ಕೈಯಿಂದ ಕೈಗೆ ಹೋಗುತ್ತದೆ. ನಾನು ಮಧ್ಯದಲ್ಲಿ ಮುದ್ರೆ ಒತ್ತುತ್ತೇನೆ, ಅಷ್ಟೆ.

ನಿಮ್ಮ ಕೂಟದಲ್ಲೂ ಹೀಗೆ ಮಾಡಬಹುದು. ಪುಸ್ತಕದ ಬಗ್ಗೆ ಮಾತಾಡುವವರು ಕೊನೆಯಲ್ಲಿ ಒಬ್ಬರ ಕಡೆ ತಿರುಗಿ ‘ಇದು ನಿಮಗೆ’ ಅನ್ನಬೇಕು. ಯಾಕೆ ಅವರಿಗೆ ಅಂತ ಒಂದೇ ಮಾತಿನಲ್ಲಿ ಹೇಳಬೇಕು. ಉಳಿದವರು ಕೇಳಿಸಿಕೊಂಡರೆ ಸಾಕು. ತಮಗಲ್ಲದ್ದನ್ನು ಕೇಳಿಸಿಕೊಂಡವರಿಗೇ ಆಸೆ ಜಾಸ್ತಿ ಹುಟ್ಟುವುದನ್ನು ನಾನು ನೋಡಿದ್ದೇನೆ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ನಿಮ್ಮ ಕೂಟ ಸೊರಗಿರುವುದಕ್ಕೆ ಕಾರಣ, ಇಷ್ಟದ ಪುಸ್ತಕವನ್ನೂ ಈಗ ಓದುತ್ತಿರುವ ಪುಸ್ತಕವನ್ನೂ ನೀವು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಎರಡೂ ಬೇರೆ ಬೇರೆ ಮಾತು. ಇಷ್ಟದ ಪುಸ್ತಕದ ಬಗ್ಗೆ ನಾವು ಆಗಲೇ ತೀರ್ಮಾನ ಮಾಡಿರುತ್ತೇವೆ. ಹತ್ತು ವರ್ಷದ ಹಿಂದೆ ಮಾಡಿದ ತೀರ್ಮಾನವೂ ಆಗಿರಬಹುದು. ಅದನ್ನು ಕೇಳುವವರಿಗೆ ಹೂಂ ಅನ್ನುವುದು ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ಬೇಡ ಅಂದರೆ ನಮಗೆ ನೋವು. ಅರ್ಧ ಓದಿದ ಪುಸ್ತಕ ಹಾಗಲ್ಲ. ಅದರ ಕೊನೆ ಹೇಳುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತಿರುತ್ತಾರೆ. ‘ಅವಳು ಗಂಡನ ಮನೆ ಬಿಡ್ತಾಳೋ ಇಲ್ವೋ ಗೊತ್ತಾಗ್ತಿಲ್ಲ, ನಾನಾಗಿದ್ರೆ ಬಿಡ್ತಿದ್ದೆ’ ಅಂತ ಒಬ್ಬರು ಅಂದರೆ ಸಾಕು, ಇಡೀ ಕೋಣೆ ಮಾತಿಗೆ ಇಳಿಯುತ್ತದೆ.

ಅದಕ್ಕೇ ಹೇಳುವುದು, ಓದಿ ಮುಗಿಸಿಲ್ಲ ಅಂತ ಬರದೆ ಇರುವವರೇ ನಿಮ್ಮ ಕೂಟಕ್ಕೆ ಬೇಕಾದವರು. ಅವರ ಮನೆಗೆ ಹೋಗಿ ಕರೆಯಿರಿ. ‘ಅರ್ಧ ಓದಿದ್ದೇ ಬೇಕು, ಮುಗಿಸಿಕೊಂಡು ಬರಬೇಡಿ’ ಅಂತ ಹೇಳಿ. ನಮ್ಮ ಬಳಗದಲ್ಲಿ ಮೊದಲ ಅರ್ಧ ಗಂಟೆ ಅದಕ್ಕೇ ಮೀಸಲು. ಪುಸ್ತಕ ಕೈಯಲ್ಲಿರಬೇಕು, ಓದಿ ನಿಲ್ಲಿಸಿದ ಪುಟದಲ್ಲಿ ಬೆರಳು ಇಟ್ಟುಕೊಂಡು ಮಾತಾಡಬೇಕು. ಆ ಪುಟದಲ್ಲಿ ಏನು ನಡೆಯುತ್ತಿದೆ, ಇಲ್ಲಿ ಯಾಕೆ ನಿಲ್ಲಿಸಿದೆ. ಸುಸ್ತಾಗಿ ನಿದ್ದೆ ಬಂತೋ, ಕುಕ್ಕರ್ ಕೂಗಿತೋ, ಸಾಲೊಂದು ಎದೆಗೆ ನಾಟಿ ಮುಂದೆ ಹೋಗಲಾಗಲಿಲ್ಲವೋ. ನಮ್ಮಲ್ಲಿ ಒಬ್ಬರು ದರ್ಜಿ ಇದ್ದಾರೆ. ‘ಬೋರ್ ಆಯ್ತು, ಅದಕ್ಕೆ ನಿಲ್ಲಿಸಿದೆ’ ಅಂತ ಅವರು ಒಂದು ಸಲ ಹೇಳಿದ್ದೇ ಆ ವರ್ಷದ ಅತಿ ಒಳ್ಳೆಯ ಚರ್ಚೆಗೆ ದಾರಿಯಾಯಿತು. ಯಾವ ಪುಟದಿಂದ ಬೋರ್ ಆಯಿತು, ಅದಕ್ಕೂ ಹಿಂದೆ ಯಾಕೆ ಆಗಿರಲಿಲ್ಲ ಅಂತ ಹುಡುಕುತ್ತಾ ಹೋದರೆ, ಬರೆದವರು ಎಲ್ಲಿ ಕೈ ಬಿಗಿ ಹಿಡಿದಿದ್ದರು, ಎಲ್ಲಿ ಸಡಿಲ ಬಿಟ್ಟರು ಅನ್ನುವುದು ಕಾಣಿಸಿತು.

ಪೂರ್ತಿ ಕತೆ ಹೇಳುವ ಗೆಳತಿಯ ಮೇಲೆ ಸಿಟ್ಟು ಬೇಡ. ಅವರಿಗೆ ಪುಸ್ತಕದ ಮೇಲೆ ಪ್ರೀತಿ ಉಕ್ಕುತ್ತಿದೆ, ಹೇಗೆ ಹೇಳಬೇಕು ಅಂತ ತೋಚದೆ ಮೊದಲಿಂದ ಕೊನೆವರೆಗೆ ಹೇಳುತ್ತಾರೆ. ಅವರಿಗೆ ಒಂದೇ ಪ್ರಶ್ನೆ ಹಾಕಿ: ‘ನಿಮ್ಮನ್ನು ಹಿಡಿದು ನಿಲ್ಲಿಸಿದ ಜಾಗ ಯಾವುದು? ಅದೊಂದನ್ನೇ ಹೇಳಿ.’ ಮೊದಮೊದಲು ಅವರಿಗೆ ಕಷ್ಟವಾಗುತ್ತದೆ. ಎರಡು ತಿಂಗಳಲ್ಲಿ ಅವರೇ ಚೆನ್ನಾಗಿ ಹೇಳುವವರಾಗುತ್ತಾರೆ, ಯಾಕೆಂದರೆ ಪುಸ್ತಕ ಅವರಿಗೆ ಅಷ್ಟು ನೆನಪಿರುತ್ತದೆ.

ಕೊನೆ ಹೇಳಬಾರದು ಅನ್ನುವುದನ್ನು ನಾನು ಎಲ್ಲ ಪುಸ್ತಕಕ್ಕೂ ಒಪ್ಪುವುದಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಪುಸ್ತಕ. ಚೋಮನಿಗೆ ತುಂಡು ಭೂಮಿ ಬೇಕು, ಸಿಗುವುದಿಲ್ಲ. ಇದು ಮೊದಲೇ ಗೊತ್ತಿದ್ದರೂ ಆ ದುಡಿಯ ಸದ್ದಿನ ತೂಕ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗುವುದಿಲ್ಲ. ಆದರೆ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದದವರ ಮುಂದೆ ಮಾತ್ರ ಬಾಯಿ ಕಟ್ಟಿಕೊಳ್ಳಿ. ಯಾಲಕ್ಕಿ ಮಾರಿ ಊರಿಗೆ ಹೊರಟ ಗಂಡ ಹೆಂಡತಿ, ಒಂದು ದಿನದೊಳಗೆ ನಡೆಯುವ ಕತೆ. ಮುಂದೇನು ಅನ್ನುವ ತವಕವೇ ಅದರ ಜೀವ. ಅದನ್ನು ಕಸಿದುಕೊಳ್ಳುವುದು ಅನ್ಯಾಯ.

ಇನ್ನೊಂದು ಉಪಾಯವಿದೆ. ನಮ್ಮ ಬಳಗ ಉಳಿದಿರುವುದೇ ಅದರಿಂದ ಅಂತ ನಾನು ನಂಬಿದ್ದೇನೆ. ಗಟ್ಟಿಯಾಗಿ ಓದುವುದು.

ನಾಲ್ಕು ವರ್ಷದ ಹಿಂದೆ ಒಬ್ಬರು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಹಿಡಿದು ಬಂದರು. ಸಣ್ಣ ಪುಸ್ತಕ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ‘ಮೂರು ಸಲ ಶುರು ಮಾಡಿದೆ, ಹತ್ತು ಪುಟ ದಾಟೋಕೆ ಆಗ್ತಿಲ್ಲ. ಕನ್ನಡವೇ, ಆದರೆ ನನಗೆ ಹತ್ತುತ್ತಿಲ್ಲ’ ಅಂದರು. ಅವರು ಸಾಗರದ ಕಡೆಯವರು. ಪುಸ್ತಕ ಇರುವುದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ಬಳಗಕ್ಕೆ ಹೊಸದಾಗಿ ಸೇರಿದ್ದ ಒಬ್ಬ ನರ್ಸ್ ಆ ಕಡೆಯವರು. ಅಲ್ಲಿಯವರೆಗೆ ಎರಡು ಕೂಟದಲ್ಲಿ ಒಂದು ಮಾತೂ ಆಡಿರಲಿಲ್ಲ. ‘ಒಂಚೂರು ಕೊಡಿ ಇಲ್ಲಿ’ ಅಂತ ಪುಸ್ತಕ ಇಸಕೊಂಡರು. ದೀಪದ ಜೋತಮ್ಮಗಳೆಲ್ಲ ಒಂದು ಕಡೆ ಸೇರಿ ಕಷ್ಟಸುಖ ಮಾತಾಡುವ ಭಾಗವನ್ನು ಓದತೊಡಗಿದರು. ಅವರು ಓದಲಿಲ್ಲ, ಮಾತಾಡಿದರು ಅನ್ನಬೇಕು. ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಅಂತ ಅವರ ನಾಲಿಗೆಗೆ ಗೊತ್ತಿತ್ತು. ಅಚ್ಚಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಪದಗಳು ಕಿವಿಗೆ ಬಿದ್ದ ಕೂಡಲೇ ಮೆತ್ತಗಾದವು. ಇಪ್ಪತ್ತು ನಿಮಿಷ ಯಾರೂ ಅಲ್ಲಾಡಲಿಲ್ಲ. ಸಾಗರದವರು ಆ ರಾತ್ರಿಯೇ ಪುಸ್ತಕ ಮುಗಿಸಿದರು. ಗಟ್ಟಿಯಾಗಿ, ಒಬ್ಬರೇ ಕೂತು ಓದಿಕೊಂಡು. ಆ ನರ್ಸ್ ಇವತ್ತು ನಮ್ಮ ಬಳಗದ ಬೆನ್ನೆಲುಬು.

ಕನ್ನಡ ಎಷ್ಟೊಂದು ಬಗೆಯದ್ದು ನೋಡಿ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಕಲಬುರ್ಗಿಯ ಕನ್ನಡ, ನಿಮ್ಮ ದಾವಣಗೆರೆಯದ್ದೇ ಒಂದು. ನಿಮ್ಮ ಎಂಟು ಜನರಲ್ಲಿ ತವರು ಬೇರೆ ಕಡೆ ಇರುವವರು ಇದ್ದೇ ಇರುತ್ತಾರೆ. ಆಯಾ ಸೀಮೆಯ ಪುಸ್ತಕವನ್ನು ಆ ಸೀಮೆಯವರ ಬಾಯಲ್ಲೇ ಕೇಳಿ. ಹತ್ತು ನಿಮಿಷ ಸಾಕು.

ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಕೃತಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಆಗಲೂ ನಾವು ಇದನ್ನೇ ಮಾಡಿದೆವು. ಅದರಲ್ಲಿ 12 ಕತೆಗಳಿವೆ, ಅನುವಾದಿಸಿದವರು ದೀಪಾ ಭಸ್ತಿ. ಕಾಲೇಜಿಗೆ ಹೋಗುವ ಮಕ್ಕಳು ಇಂಗ್ಲಿಷಿನಲ್ಲಿ ಓದಿದ್ದರು, ದೊಡ್ಡವರು ಕನ್ನಡದಲ್ಲಿ. ಒಂದೇ ಕತೆಯ ಒಂದು ಭಾಗವನ್ನು ಎರಡೂ ಭಾಷೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಓದಿದರು. ಯಾವ ಮಾತು ಆ ಕಡೆ ದಾಟಿತು, ಯಾವುದು ಈ ಕಡೆಯೇ ಉಳಿಯಿತು ಅಂತ ಒಂದೂವರೆ ಗಂಟೆ ಮಾತು. ನಿಮ್ಮ ಮನೆಗಳಲ್ಲೂ ಇಂಗ್ಲಿಷ್ ಮಾತ್ರ ಓದುವ ಮಕ್ಕಳಿದ್ದರೆ ಅವರನ್ನು ಕೂಟಕ್ಕೆ ಕರೆತರಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಎರಡು ಸಣ್ಣ ವಿಷಯ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬರಬೇಕು ಅಂತ ಪ್ರತಿ ತಿಂಗಳೂ ಇಟ್ಟುಕೊಳ್ಳಬೇಡಿ. ಅದು ಶಾಲೆಯ ಪಾಠವಾಗಿಬಿಡುತ್ತದೆ. ವರ್ಷಕ್ಕೆ ಎರಡು ಸಲ ಸಾಕು, ಅದಕ್ಕೂ ಸಣ್ಣ ಪುಸ್ತಕ ಆರಿಸಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಕೂರಿಕೆಗೆ ಮುಗಿಯುತ್ತದೆ, ಮಾತು ಮಾತ್ರ ಮೂರು ಕೂಟಕ್ಕಾಗುವಷ್ಟು ಇದೆ. ಹೊಸದಾಗಿ ಬಂದ ಸೊಸೆ, ದುಡ್ಡು ಬಂದ ಮೇಲೆ ಬದಲಾಗುವ ಮನೆ ಅಂದರೆ ಯಾರ ಹತ್ತಿರ ಹೇಳಲು ಏನೂ ಇರುವುದಿಲ್ಲ, ಹೇಳಿ! ಮತ್ತೆ, ಮೊಬೈಲಿನಲ್ಲಿ ಮುಖಪುಟದ ಫೋಟೊ ಹಾಕುವ ಬದಲು ನಿಮ್ಮನ್ನು ನಿಲ್ಲಿಸಿದ ಒಂದು ಸಾಲಿನ ಫೋಟೊ ಹಾಕಿ, ಪುಟದ ಸಂಖ್ಯೆ ಕಾಣುವ ಹಾಗೆ. ಮುಖಪುಟ ನೋಡಿದವರು ಚೆನ್ನಾಗಿದೆ ಅಂತಾರೆ. ಸಾಲು ನೋಡಿದವರು ಮುಂದೇನು ಅಂತಾರೆ.

ಪುಸ್ತಕ ಕೊಡುವುದು ತೆಗೆದುಕೊಳ್ಳುವುದಕ್ಕೆ ಒಂದು ಕ್ರಮ ಇರಲಿ. ನಾವು ಪ್ರತಿ ಪುಸ್ತಕದೊಳಗೆ ಒಂದು ಪೋಸ್ಟ್ ಕಾರ್ಡ್ ಇಡುತ್ತೇವೆ. ಓದಿದವರು ತಾರೀಖು ಹಾಕಿ ಒಂದು ಸಾಲು ಬರೆಯಬೇಕು. ಬಿಟ್ಟವರು ಬಿಟ್ಟ ಪುಟ ಬರೆಯಬೇಕು. ಬಿಟ್ಟದ್ದಕ್ಕೆ ಯಾರೂ ಏನೂ ಅನ್ನುವಂತಿಲ್ಲ. ನನ್ನ ಹತ್ತಿರ ಅಂಥ ಒಂದು ಕಾರ್ಡು ಇದೆ. ಮೊದಲ ಸಾಲು: ‘ಪುಟ 43ಕ್ಕೆ ಬಿಟ್ಟೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದೆವು.’ ಎರಡನೆಯದು ಬೇರೆ ಕೈಬರಹ: ‘ಓದಿದೆ. 112ನೇ ಪುಟದ ಅಜ್ಜಿ ನಮ್ಮಜ್ಜಿಯೇ.’ ಮೂರನೆಯದು ಮತ್ತೆ ಮೊದಲಿನವರದ್ದೇ, ಒಂದು ವರ್ಷದ ಮೇಲೆ: ‘43ರಿಂದ ಶುರು ಮಾಡಿ ಮುಗಿಸಿದೆ. ಅಮ್ಮ ಇಲ್ಲ. ಅಜ್ಜಿ ಸಿಕ್ಕಿದಳು.’ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಇದರ ಬಗ್ಗೆ ಅವರು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ, ಕಾರ್ಡಿನಲ್ಲಿಯೇ ಮಾತಾಡಿಕೊಂಡರು.

ಪುಸ್ತಕ ವಾಪಸ್ ಬಾರದೆ ಹೋದರೆ? ಕೆಲವು ಬರುವುದಿಲ್ಲ. ಕಳೆದುಹೋದರೆ ತಡೆಯಲಾಗದಂಥ ಪ್ರತಿ ಇದ್ದರೆ ಅದನ್ನು ಮನೆಯಲ್ಲೇ ಇಟ್ಟುಕೊಂಡು, ಕೊಡಲಿಕ್ಕೆ ಇನ್ನೊಂದು ಪ್ರತಿ ಕೊಳ್ಳಿ. ನಿಮ್ಮ ‘ಮದುಮಗಳು’ ವಿಷಯದಲ್ಲಿ ಇದನ್ನು ಖಂಡಿತ ಮಾಡಿ. ಒಂದು ಕಾಲದಲ್ಲಿ ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ಬೆಳೆಯಿತು. ಅವರ ಅಟ್ಟದ ಮೇಲೆ ಕೂತು ಬರೆಯುವವರೂ ಓದುವವರೂ ಹರಟಿದ್ದರಿಂದ ಎಷ್ಟೋ ಪುಸ್ತಕ ಹುಟ್ಟಿದವು. ಒಂದು ಹೆಚ್ಚಿನ ಪ್ರತಿ ಕೊಳ್ಳುವುದು ನಮ್ಮ ಕೈಲಾದ ಸೇವೆ.

ಕೊನೆಗೆ ನಿಮ್ಮ ಅತ್ತೆಯವರ ವಿಷಯ. ನೀವು ಅದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಾನಾಗಿದ್ದರೆ ಮೊದಲು ಬರೆಯುತ್ತಿದ್ದೆ. ಒಬ್ಬರೇ ಕೂತು ಮೌನವಾಗಿ ಓದುವುದು ನಮ್ಮಲ್ಲಿ ಈಚಿನ ಅಭ್ಯಾಸ. ಅದಕ್ಕೂ ಮೊದಲು ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಜನರನ್ನು ಮುಟ್ಟಿದ್ದು ಕಿವಿಯ ಮೂಲಕ. ಒಬ್ಬರು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುವುದು. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಹೊಸಹಳ್ಳಿಯಲ್ಲಿ ಗಮಕ ಅನ್ನುವ ಈ ವಾಚನ ಕಲೆ ಈಗಲೂ ಮನೆಮನೆಯ ಮಾತು. ಅಕ್ಷರ ಬಾರದವರು ಜಗಲಿಯಲ್ಲಿ ಕೂತು ಕೇಳಿ, ಕರ್ಣನ ವಿಷಯದಲ್ಲಿ ಜಗಳ ಆಡುತ್ತಿದ್ದ ದೇಶ ಇದು. ಅವರೂ ಓದುಗರೇ.

ಮುಂದಿನ ಕೂಟದಲ್ಲಿ ಅತ್ತೆಯವರನ್ನು ಮೂಲೆಯಿಂದ ಕರೆದು ಮಧ್ಯದಲ್ಲಿ ಕೂರಿಸಿ. ಚಿಕ್ಕಂದಿನಲ್ಲಿ ಯಾರು ಯಾವ ಕತೆ ಓದಿ ಹೇಳುತ್ತಿದ್ದರು, ಯಾವ ಪದ್ಯ ನೆನಪಿದೆ ಅಂತ ಕೇಳಿ. ‘ನಂಗೇನು ಗೊತ್ತಮ್ಮ’ ಅಂತಾರೆ. ಸ್ವಲ್ಪ ಕಾಯಿರಿ. ಕಾಫಿ ಆಮೇಲೆ ಮಾಡಿದರಾಯಿತು. ಅವರು ಶುರು ಮಾಡಿದರೆ ಮಧ್ಯೆ ಬಾಯಿ ಹಾಕಬೇಡಿ, ಒಬ್ಬರು ಸುಮ್ನೆ ಬರೆದುಕೊಳ್ಳಿ. ಆಮೇಲೆ ನೀವು ‘ಮದುಮಗಳು’ ತೆಗೆದು, ಗುತ್ತಿ ಹುಲಿಯನ ಜೊತೆ ಬರುವ ಆ ಮೊದಲ ಪುಟಗಳನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ವಾಪಸ್ ಕೊಟ್ಟ ಆ ಇಬ್ಬರೂ ಅಲ್ಲೇ ಕೂತಿರಲಿ.